‘ಅತ್ತೆಯ ಬೀಗ’ಕ್ಕೆ ಬಂದ ಆಹ್ವಾನ ಪತ್ರ

ಮಾನ್ಯ ಓದುಗರೇ,

ನಾನು ಬರೆದ ಒಂದು ಆಹ್ವಾನ ಪತ್ರದಿಂದಾಗಿ ಕಥೆಗಾರ್ತಿಯೊಬ್ಬರು ನಾಲ್ಕು ವರ್ಷ ಕಾಪಾಡಿಕೊಂಡಿದ್ದ ಗುಟ್ಟು ಬಯಲಾಯಿತು ಎಂಬುದನ್ನು ವಿಷಾದಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ.

(ಈ ಅಂಕಣದ ಸರದಿ ಈ ವಾರ ನನ್ನದು. ಪತ್ರಿಕೆಗೆ ಇದು ನನ್ನ ಮೊದಲ ಬರಹ. ಕಚೇರಿ ಪತ್ರ ಬರೆದೇ ರೂಢಿಯಾದ ಕೈ. ಲೋಪಗಳನ್ನು ಮನ್ನಿಸಬೇಕಾಗಿ ಕೋರಿಕೆ.)

ವಿದ್ಯಾರಣ್ಯಪುರಂನ ಗೆಳತಿಯೊಬ್ಬರ ಮನೆಯ ತಾರಸಿಯಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಾವು ಹನ್ನೊಂದು ಮಂದಿ ಮಹಿಳೆಯರು ಸೇರುತ್ತೇವೆ. ಟೀಚರ್, ನರ್ಸ್, ಟೈಲರ್, ಮೇಟಗಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನ್ ನೋಡಿಕೊಳ್ಳುವವರು. ಎಲ್ಲರೂ ಬರೆಯುವವರೇ. ಬ್ಯಾನರ್ ಇಲ್ಲ, ಮೈಕ್ ಇಲ್ಲ, ಅಧ್ಯಕ್ಷರಿಲ್ಲ. ಬರೆದದ್ದನ್ನು ಜೆರಾಕ್ಸ್ ಮಾಡಿಸಿ, ಸೂಜಿ ದಾರದಲ್ಲಿ ಹೊಲಿದು ಪುಸ್ತಕ ಮಾಡುತ್ತೇವೆ. ಪ್ರಕಾಶಕರು ಯಾರೆಂದು ಕೇಳಿದವರಿಗೆ ಟೈಲರ್ ಗೆಳತಿಯನ್ನು ತೋರಿಸುತ್ತೇವೆ.

ನಮ್ಮಲ್ಲಿರುವುದು ಒಂದೇ ನಿಯಮ. ಬರೆದವರು ತಮ್ಮ ಬರಹವನ್ನು ತಾವು ಓದುವಂತಿಲ್ಲ. ಬೇರೊಬ್ಬರು ಗಟ್ಟಿಯಾಗಿ ಓದಬೇಕು; ಬರೆದವರು ಕುಳಿತು ಕೇಳಬೇಕು. ದಿನವಿಡೀ ಇತರರ ಮಾತು ಕೇಳುವ ಹೆಂಗಸು ತನ್ನ ಮಾತನ್ನು ಕೇಳಿಸಿಕೊಳ್ಳುವುದು ಇನ್ಯಾವಾಗ?

ಈ ಸಲ ನಾಗರತ್ನ ಅವರನ್ನು ಅಭಿನಂದಿಸಲು ತೀರ್ಮಾನಿಸಲಾಯಿತು. ಕಡಕೊಳದ ಗಾರ್ಮೆಂಟ್ಸ್ ಒಂದರಲ್ಲಿ ಅವರ ಕೆಲಸ. ‘ಸಂಪಿಗೆ’ ಎಂಬ ಹೆಸರಿನಲ್ಲಿ ಕಥೆ ಬರೆಯುತ್ತಾರೆ. ಅವರು ಭಾನುವಾರ ಹೋಗುವುದು ಭಜನೆಗೆ ಎಂದೇ ಮನೆಯವರ ತಿಳಿವಳಿಕೆ.

ಪತ್ರದ ಹೊಣೆ ನನಗೆ ಬಂತು. ಅಭ್ಯಾಸಬಲದಿಂದ ಕಚೇರಿಯ ನಮೂನೆಯಲ್ಲೇ ಬರೆದೆ. “ಶ್ರೀಮತಿ ನಾಗರತ್ನ ಕೋಂ ಮಹದೇವಸ್ವಾಮಿ, ಅಲಿಯಾಸ್ ಸಂಪಿಗೆ, ಇವರನ್ನು ‘ಅತ್ತೆಯ ಬೀಗ’ ಕಥೆಗಾಗಿ ಅಭಿನಂದಿಸಲು ತೀರ್ಮಾನಿಸಲಾಗಿದೆ.” (ಕೋಂ ಎಂದರೆ ಇಂಥವರ ಹೆಂಡತಿ ಎಂದು. ನಮ್ಮ ಕಡತಗಳಲ್ಲಿ ಗಂಡನ ಹೆಸರಿಲ್ಲದೆ ಹೆಂಗಸಿನ ಹೆಸರು ಮುಂದಕ್ಕೆ ಹೋಗುವುದಿಲ್ಲ.) ವಾಟ್ಸಾಪ್ ಸಾಕು ಎಂದು ಗೆಳತಿಯರು ಹೇಳಿದ್ದರು. ನಾನು ಅಂಚೆಗೆ ಹಾಕಿದೆ.

ಲಕೋಟೆ ಒಡೆದದ್ದು ಅತ್ತೆಯವರು.

“ಏನ್ ಮಾಡ್ಬುಟ್ರಿ ಮೇಡಂ!” ನಾಗರತ್ನ ಫೋನಿನಲ್ಲಿ ಪಿಸುಗುಟ್ಟಿದರು. “ಅತ್ತೆ ಕಾಗ್ದ ಹಿಡ್ಕೊಂಡು ಸುಮ್ನೆ ಕೂತವ್ರೆ. ಬೈದಿದ್ರೂ ವಾಸಿಯಾಗಿತ್ತು. ನಾನಿನ್ನು ಬರೆಯೋದು ಮುಗೀತು ಅಂತಾನೇ ತಿಳ್ಕೊಳ್ಳಿ.”

“ತಪ್ಪಾಯ್ತು ಕಣಮ್ಮ” ಎಂದೆ.

ಭಾನುವಾರ ಅವರು ಬರುವುದಿಲ್ಲವೆಂದುಕೊಂಡಿದ್ದೆವು. ಬಂದರು. ಹಿಂದೆಯೇ ಅತ್ತೆಯವರೂ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ನನ್ನ ಪತ್ರ.

“ಇದ್ನ ಬರ್ದೋರು ಯಾರಮ್ಮ?”

ಎದ್ದು ನಿಂತೆ.

“ಭಜನೆ ಬಲು ಚೆನ್ನಾಗ್ ನಡೀತದೆ ಕಣ್ರೀ ನಿಮ್ದು” ಎಂದರು. “ಎಲ್ಲಿ, ಆ ಕಥೆ?”

ಕಥೆ ಓದಬೇಕಿದ್ದ ನರ್ಸ್ ಗೆಳತಿ ಹಾಳೆಗಳನ್ನು ಬೆನ್ನ ಹಿಂದೆ ಅಡಗಿಸಿದರು.

“ಕೊಡವ್ವ ಇಲ್ಲಿ. ನನ್ ಮೇಲೆ ತಾನೆ ಬರ್ದಿರೋದು? ನಾನೇ ಓದ್ತೀನಿ.”

ಬರೆದವರ ಹೊರತು ಯಾರು ಬೇಕಾದರೂ ಓದಬಹುದು ಎಂಬುದು ನಮ್ಮದೇ ನಿಯಮ. ಆಕ್ಷೇಪಣೆಗೆ ಅವಕಾಶವಿರಲಿಲ್ಲ.

ಕನ್ನಡಕ ಏರಿಸಿ, ಒಂದೊಂದೇ ಪದ ಬಿಡಿಸಿ ಓದಿದರು. ಕಥೆಯ ಅತ್ತೆ ಸಕ್ಕರೆ ಡಬ್ಬಿ ಇರುವ ಬೀರುವಿಗೆ ಬೀಗ ಹಾಕಿ, ಬೀಗದಕೈಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ. ಬಸುರಿ ಸೊಸೆ ಕೇಳಲಾರದೆ ಆ ಗಂಟನ್ನೇ ನೋಡುತ್ತಾ ನಿಲ್ಲುತ್ತಾಳೆ. ಆ ಸಾಲಿನಲ್ಲಿ ಅವರ ದನಿ ನಿಂತಿತು. ನೀರು ಕುಡಿದು ಮುಂದುವರಿಸಿದರು. ನಾಗರತ್ನ ತಲೆ ಎತ್ತಲಿಲ್ಲ.

ಓದು ಮುಗಿಯಿತು.

“ಅರ್ಧನೇ ಬರ್ದಿದ್ದೀಯ” ಎಂದರು ಅತ್ತೆ. “ಆ ಬೀಗ ನಾನು ತಂದಿದ್ದಲ್ಲ. ನಾನು ಬಸ್ರಿಯಾಗಿದ್ದಾಗ ನಮ್ಮತ್ತೆ ತಂದು ಹಾಕಿದ್ದು. ಅದ್ನ ಯಾಕ್ ಬರ್ದಿಲ್ಲ?”

“ನೀವು ಹೇಳೇ ಇಲ್ವಲ್ಲತ್ತೆ.”

“ನೀನು ಕೇಳಿದ್ಯಾ?”

ಅತ್ತೆಯವರು ಹಾಳೆಗಳನ್ನು ಜೋಡಿಸಿ ಸೊಸೆಯ ಮಡಿಲಿಗಿಟ್ಟರು. “ಮನೆಗ್ ನಡಿ, ಹೇಳ್ತೀನಿ. ಬರ್ಕೊ. ಮುಂದಿನ್ ಸಲಾನೂ ಓದೋದು ನಾನೇ, ಮತ್ತೆ!”

ಸದರಿ ಅತ್ತೆಯವರಿಗೂ ಮುಂದಿನ ಸಭೆಗೆ ಆಹ್ವಾನ ಕಳಿಸುವುದು ಸೂಕ್ತವೆಂದು ನಿನ್ನೆ ಪತ್ರ ಬರೆಯಲು ಕುಳಿತೆ. ಕೋಂ ಬೇಡವೆಂದು ಮೊದಲೇ ನಿರ್ಧರಿಸಿದ್ದೆ. ‘ಶ್ರೀಮತಿ’ ಎಂದು ಬರೆದೆ. ಪೆನ್ನು ಅಲ್ಲಿಯೇ ನಿಂತಿತು.

ಹನ್ನೊಂದು ಮಂದಿ ಲೇಖಕಿಯರಿದ್ದೆವು. ಆ ಹಿರಿಯರ ಹೆಸರೇನೆಂದು ನಮ್ಮಲ್ಲಿ ಒಬ್ಬರಾದರೂ ಕೇಳಿದೆವೇ?