ಕುಣಿಗಲ್ಲಿನ ಕಲ್ಲುಮೀನು

ನಮ್ಮ ಮೇಷ್ಟ್ರ ಕೋಟಿನ ಬಲಜೇಬಿನ ಸುತ್ತ ಸಣ್ಣ ಸಣ್ಣ ತೂತುಗಳಿದ್ದವು. ಜೇಬಿನಲ್ಲಿ ಸದಾ ಆಸಿಡ್ಡಿನ ಪುಟ್ಟ ಸೀಸೆ. ಅದು ಸೋರಿ ಬಟ್ಟೆ ಸುಟ್ಟಿತ್ತು. ತುಮಕೂರಿನ ಕಾಲೇಜಿನಲ್ಲಿ ಅವರು ಭೂವಿಜ್ಞಾನದ ಮುಖ್ಯಸ್ಥರು. ನಾನು ಅವರ ಕೈಕೆಳಗೆ ಆಗಷ್ಟೇ ಸೇರಿದ್ದ ಹಂಗಾಮಿ ಡೆಮಾನ್‌ಸ್ಟ್ರೇಟರ್. ಮೇಷ್ಟ್ರು ದಿನಾ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದರು. ಯಾರು ಯಾವ ಕಲ್ಲು ತಂದರೂ ಥಟ್ಟನೆ ಹೆಸರು ಹೇಳುತ್ತಿರಲಿಲ್ಲ. "ಕಲ್ಲನ್ನೇ ಕೇಳೋಣ ಬನ್ನಿ" ಎಂದು ಸೀಸೆಯ ಬಿರಡೆ ತೆಗೆಯುತ್ತಿದ್ದರು.

ಅರವತ್ತರ ದಶಕದ ಶುರುವಿನಲ್ಲಿ ಒಮ್ಮೆ, ಅವರು ಜ್ವರ ಬಂದು ರಜೆಯಲ್ಲಿದ್ದಾಗ, ಕುಣಿಗಲ್ ಕಡೆಯ ಪಟೇಲರೊಬ್ಬರು ಬಂದರು. ಕಾಲೇಜಿನ ಕಮಿಟಿಯಲ್ಲಿದ್ದವರು. ಟವೆಲ್ ಬಿಚ್ಚಿ, ಅಂಗೈಯಗಲದ ಮಾಸಲು ಹಳದಿ ಕಲ್ಲನ್ನು ಮೇಜಿನ ಮೇಲಿಟ್ಟರು. ಅದರಲ್ಲೊಂದು ಮೀನು. ಮುಳ್ಳು, ರೆಕ್ಕೆ, ಕಣ್ಣಿನ ಗುಳಿ, ಎಲ್ಲ ಹಾಗ್ಹಾಗೇ.

"ನಮ್ ಬಾವಿ ತೋಡ್ವಾಗ ಸಿಕ್ತು ಕಣಮ್ಮ. ನಮ್ಮೂರು ಹಿಂದೆ ಸಮುದ್ರ ಆಗಿತ್ತು ಅಂತ ಎರಡು ಸಾಲು ಬರ್ಕೊಡಿ. ಮಂತ್ರಿಗಳು ನೋಡೋಕೆ ಬರ್ತಾವ್ರೆ."

ಕುಣಿಗಲ್ಲಿನ ಬಂಡೆ ಲೋಕದಲ್ಲಿ ಮೀನುಗಳೇ ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನದು. ಅದು ನನಗೆ ಗೊತ್ತಿತ್ತು. ಆದರೆ ನನ್ನ ಕೆಲಸ ಖಾಯಂ ಮಾಡಬೇಕಾದವರೂ ಆ ಕಮಿಟಿಯವರೇ. ಬರೆದು ಸಹಿ ಹಾಕಿಕೊಟ್ಟೆ.

ಮೇಷ್ಟ್ರು ವಾಪಸು ಬಂದವರು ಕಾಗದದ ನಕಲು ಓದಿದರು. ಬೈಯಲಿಲ್ಲ. "ನಡೀರಿ, ಬಾವಿ ನೋಡ್ಕೊಂಡ್ ಬರೋಣ" ಎಂದರಷ್ಟೆ. ಇಬ್ಬರೂ ಬಸ್ಸು ಹಿಡಿದು ಪಟೇಲರ ಊರಿಗೆ ಹೋದೆವು.

ಜ್ವರದಿಂದ ಎದ್ದ ಮೈ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅರ್ಧ ತೋಡಿದ್ದ ಬಾವಿಗೆ ಇಳಿದೇ ಇಳಿದರು. ಕೆಳಗಿನಿಂದ ಸುತ್ತಿಗೆಯ ಸದ್ದು, ನಡುನಡುವೆ ಕೆಮ್ಮು. ಆಮೇಲೆ ಎರಡೂ ನಿಂತವು. "ಸಾರ್!" ಎಂದು ಕೂಗಿದೆ.

"ಎಳೀರ್ಲಾ ಮೇಲಕ್ಕೆ!" ಪಟೇಲರು ಆಳುಗಳಿಗೆ ಕಿರುಚಿದರು.

ಮೇಲೆ ಬಂದಾಗ ಮೇಷ್ಟ್ರ ತುಟಿ ಬಿಳಿಚಿತ್ತು. ಬಿಗಿದ ಮುಷ್ಟಿಯೊಳಗೆ ಬೂದು ಬಣ್ಣದ ಚೂರಿತ್ತು.

ಪಟೇಲರ ಪಡಸಾಲೆಯಲ್ಲಿ ಮೇಷ್ಟ್ರು ಆ ಚೂರನ್ನೂ ಮೀನಿನ ಕಲ್ಲನ್ನೂ ಪಕ್ಕಪಕ್ಕ ಇಟ್ಟರು. ಬಾವಿಯ ಕಲ್ಲಿನ ಮೇಲೆ ಆಸಿಡ್ಡಿನ ತೊಟ್ಟು ನೀರಿನ ಹಾಗೆ ಸುಮ್ಮನೆ ಕೂತಿತು. ಮೀನಿನ ಕಲ್ಲಿನ ಅಂಚಿಗೆ ಬಿದ್ದದ್ದು ಚುರ್ರೆಂದು ನೊರೆಯೆದ್ದಿತು. ಅದು ಸುಣ್ಣಕಲ್ಲು, ಆ ಬಾವಿಯದಲ್ಲ.

"ಅಯ್ಯೋ, ಸುಡಬ್ಯಾಡಿ ಸ್ವಾಮಿ!"

ಅಡುಗೆಮನೆಯಿಂದ ಹೆಂಗಸೊಬ್ಬಳು ಓಡಿಬಂದಳು. ಪಟೇಲರ ತೀರಿಹೋದ ತಮ್ಮನ ಹೆಂಡತಿ. "ನಮ್ಮನೆಯೋರು ಮಿಲಿಟ್ರಿ ಡ್ಯೂಟಿ ಮೇಲೆ ಹೋಗಿದ್ದಾಗ ಲೆಬನಾನ್ ಅನ್ನೋ ದೇಶದಿಂದ ತಂದಿದ್ದು. ಅವ್ರದ್ದು ಅಂತ ಉಳಿದಿರೋದು ಅದೊಂದೇಯ."

"ಒಳಕ್ಕೆ ನಡಿ!" ಪಟೇಲರು ಗುಡುಗಿದರು. ಅವಳು ಕದಲಲಿಲ್ಲ.

ಮೇಷ್ಟ್ರು ಕಲ್ಲನ್ನು ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೇ ಕೊಟ್ಟರು. "ಅವ್ರು ಹೋಗಿದ್ದ ಕಡೆ ಕೋಟ್ಯಂತರ ವರ್ಷದ ಹಿಂದೆ ಬೆಚ್ಚಗಿನ, ಆಳವಿಲ್ಲದ ಕಡಲಿತ್ತಮ್ಮ. ಸೀಗಡಿ, ಏಡಿ, ಇಂಥ ಮೀನು ತುಂಬ್ಕೊಂಡಿದ್ವು. ಇದು ಸತ್ತು, ಮೆತ್ತನೆ ಸುಣ್ಣದ ಕೆಸರಲ್ಲಿ ಮಲಗ್ತು. ನಿಜವಾದ ಮೀನೇ. ಜೋಪಾನವಾಗಿಟ್ಕೊಳ್ಳಿ."

ಪಟೇಲರು ಬಾಗಿಲ ಕಡೆ ಕೈ ತೋರಿಸಿದರು.

ಮುಂದಿನ ವಾರ ಕಮಿಟಿ ಕರೆಯಿತು. ಕಾಗದ ಕೊಟ್ಟದ್ದೇಕೆ, ಆಮೇಲೆ ಮನೆ ಬಾಗಿಲಿಗೆ ಬಂದು ಮಾನ ಕಳೆದದ್ದೇಕೆ ಎಂದು ಪಟೇಲರು ಮೇಜು ಗುದ್ದಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು, "ವಿಭಾಗ ನಂದು. ಅದರ ತಪ್ಪೂ ನಂದೇ" ಎಂದುಬಿಟ್ಟರು. ತೆರೆದ ಬಾಯಿ ಮುಚ್ಚಿಕೊಂಡೆ. ಅವರಿಗೆ ಸಿಗಬೇಕಿದ್ದ ಎರಡು ವರ್ಷದ ಸೇವೆಯ ವಿಸ್ತರಣೆ ಸಿಗಲಿಲ್ಲ. ನನ್ನ ಕೆಲಸ ಖಾಯಂ ಆಯಿತು.

ನಾಲ್ಕು ವರ್ಷ ಅವರ ಮುಖ ನೋಡಲಾಗಲಿಲ್ಲ. ಕಾಯಿಲೆ ಜೋರಾಗಿದೆಯೆಂದು ಕೇಳಿ ಗುಬ್ಬಿಗೆ ಹೋದೆ. ಮಂಚದ ಪಕ್ಕ ಕೂತು, "ಅವತ್ತು ನಾನು ಗೊತ್ತಿದ್ದೇ ಸಹಿ ಹಾಕಿದ್ದೆ ಸಾರ್" ಎಂದೆ.

"ನಂಗೊತ್ತಿತ್ತು ಕಣಮ್ಮ" ಎಂದರು. "ನಂಗೆ ಹೇಳಿ ಏನ್ ಬಂತು? ಕ್ಲಾಸಲ್ಲಿ ಹೇಳಿ."

ಹದಿನೈದು ದಿನಕ್ಕೆ ತೀರಿಕೊಂಡರು. ಅದಕ್ಕೂ ಮೊದಲೇ, ನಾನು ಗುಬ್ಬಿಯಿಂದ ಬಂದ ಮರುದಿನ, ಅವರು ಪಾಠ ಮಾಡುತ್ತಿದ್ದ ಕೊಠಡಿಯಲ್ಲಿ ನಿಂತು ವಿದ್ಯಾರ್ಥಿಗಳಿಗೆ ನನ್ನ ಸಹಿಯ ಕತೆ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಿಲ್ಲಿಸದೆ ಪೂರ್ತಿ ಹೇಳಿದೆ.