ಟೇಪಿನ ಬಾಲ

ದೋಹಾದಲ್ಲಿ ಧೂಳಿಗಿಂತ ಮೊದಲು ಬೆಳಕು ಬದಲಾಗುತ್ತದೆ. ಎದುರು ಕಟ್ಟಡದ ಗೋಡೆ ಮೊದಲು ಅರಿಸಿನದಂತೆ, ಆಮೇಲೆ ಹಾಲು ಕಡಿಮೆಯಾದ ಚಹಾದಂತೆ ಕಾಣುತ್ತದೆ. ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಯಲ್ಲಿ ಅಷ್ಟು ಹೊತ್ತಿಗೆ ಅವ್ವ ಕೆಲಸಕ್ಕಿಳಿದಿರುತ್ತಿದ್ದಳು. ಹಳೆಯ ಟವೆಲ್ ಒದ್ದೆ ಮಾಡಿ ಬಾಲ್ಕನಿ ಬಾಗಿಲ ಕೆಳಗೆ ತುರುಕುವುದು, ಕಿಟಕಿಗಳ ಸುತ್ತ ಕಂದು ಟೇಪು ಹಚ್ಚುವುದು, ಏಸಿ ಡಬ್ಬಿ ಗೋಡೆಗೆ ಸೇರುವಲ್ಲಿ ಇನ್ನೊಂದು ಸುತ್ತು. ಊರಿಗೆ ಹೊರಟಾಗ ಗಲ್ಫಿನವರು ಕಾರ್ಟನ್ನುಗಳಿಗೆ ಸುತ್ತುವ ಅಗಲದ ಟೇಪು ಅದು. ನಮ್ಮ ಮನೆಯಲ್ಲಿ ಅಕ್ಕಿ ಮುಗಿದದ್ದುಂಟು, ಟೇಪು ಮುಗಿದದ್ದಿಲ್ಲ.

ಅವ್ವ ಪ್ರತಿ ಕಿಟಕಿಯ ಬಲಗಡೆ ಕೆಳಮೂಲೆಯಲ್ಲಿ ಟೇಪಿನ ತುದಿಯನ್ನು ಬೆರಳಗಲ ಮಡಿಚಿ ಅಂಟದಂತೆ ಬಿಡುತ್ತಿದ್ದಳು. ಅದಕ್ಕೆ ಬಾಲ ಎಂದು ಹೆಸರು. ಅಪ್ಪ ಅನಿಲ ಸ್ಥಾವರದಲ್ಲಿ ಪಾಳಿ ಕೆಲಸದವನು. ಗಾಳಿ ನಿಂತ ಮೇಲೆ ಬಂದು ಆ ಬಾಲ ಹಿಡಿದು, "ಯಲ್ಲಾ, ಖಲಾಸ್!" ಎಂದು ಒಂದೇ ಎಳೆತಕ್ಕೆ ಕಿಟಕಿ ಬಿಡಿಸುತ್ತಿದ್ದ. ಪರ್ರ್ ಎನ್ನುವ ಆ ಸದ್ದಿನ ಆಸೆಗೆ ಚಿಕ್ಕವಳಿದ್ದಾಗ ನಾನು ಧೂಳು ಬರಲಿ ಎಂದು ಕಾಯುತ್ತಿದ್ದೆ.

ಬಾಲದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವ್ವ ಇವತ್ತು ಬದುಕಿರುವುದು ಅದರಿಂದ.

ಹುಬ್ಬಳ್ಳಿಯಲ್ಲಿ ಡಿಗ್ರಿ ಮುಗಿಸಿ ದೋಹಾಕ್ಕೆ ಮರಳಿದ ಮೇಲೆ ನನಗೆ ಸ್ಪ್ಯಾನಿಷ್ ಕಲಿಯುವ ಹುಚ್ಚು ಹಿಡಿಯಿತು. ಹೇಗೋ ವಿದ್ಯಾರ್ಥಿವೇತನ ಸಿಕ್ಕಿ, ಒಂದು ವರ್ಷಕ್ಕೆಂದು ಸ್ಪೇನಿನ ಗ್ರಾನಡಾಕ್ಕೆ ಹೋದೆ. ಎರಡು ಸಾವಿರದ ದಶಕದ ನಡುವಿನ ಮಾತು. ಆ ಊರು ನನಗೆ ಈಗಲೂ ಎಚ್ಚರದಲ್ಲಿ ಕಂಡದ್ದಲ್ಲ ಅನ್ನಿಸುತ್ತದೆ. ಬೀದಿಯುದ್ದಕ್ಕೂ ಕಿತ್ತಳೆ ಮರಗಳು, ಕಾಲ ಕೆಳಗೆ ಉರುಳುವ ಹಣ್ಣುಗಳು, ಮುಟ್ಟುವವರೇ ಇಲ್ಲ. ಮೊದಲ ವಾರವೇ ಒಂದನ್ನು ಸುಲಿದು ಬಾಯಿಗಿಟ್ಟೆ. ಬೇವಿಗೂ ಅಷ್ಟು ಕಹಿಯಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಮುದುಕರಿಬ್ಬರು ಇದನ್ನೇ ಕಾಯುತ್ತಿದ್ದವರಂತೆ ಚಪ್ಪಾಳೆ ತಟ್ಟಿದರು.

ಗುಡ್ಡದ ಮೇಲಿನ ಹಳೆಯ ಓಣಿಗಳಲ್ಲಿ ದಿನವೂ ದಾರಿ ತಪ್ಪುತ್ತಿದ್ದೆ. ಸುಣ್ಣದ ಗೋಡೆಗಳ ನಡುವೆ ತಿರುಗಿ ತಿರುಗಿ ಅದೇ ನೀರಿನ ತೊಟ್ಟಿಯ ಮುಂದೆ ಬಂದು ನಿಲ್ಲುತ್ತಿದ್ದೆ. ತೊಟ್ಟಿಯ ಮೇಲೆ ಮಲಗಿದ ಬೆಕ್ಕು, ಇವಳು ಮತ್ತೆ ಬಂದಳು ಎಂಬಂತೆ ಒಂದು ಕಣ್ಣು ತೆರೆದು ಮುಚ್ಚುತ್ತಿತ್ತು. ಅಂಗಡಿಯಲ್ಲಿ ಎಣ್ಣೆ, ಸಕ್ಕರೆ ಕೇಳುವಾಗ ಬಾಯಿಗೆ ಬರುತ್ತಿದ್ದದ್ದು ದೋಹಾದ ನಜ್ಮಾ ಪೇಟೆಯ ಅಂಗಡಿಗಳ ಅರಬ್ಬಿ. ಎರಡೂ ಭಾಷೆಯಲ್ಲಿ ಆ ಪದಗಳು ಹತ್ತಿರವಾದ್ದರಿಂದ ಕೆಲವು ಸಲ ಅದೇ ನಡೆದುಬಿಡುತ್ತಿತ್ತು. ಮಧ್ಯಾಹ್ನವಾದರೆ ದೋಹಾದಂತೆಯೇ ಅಲ್ಲಿಯೂ ಅಂಗಡಿಗಳೆಲ್ಲ ಮುಚ್ಚಿ ಊರಿಗೆ ಊರೇ ಮಲಗುತ್ತಿತ್ತು. ಆ ನಿದ್ದೆಯ ಹೊತ್ತಿನಲ್ಲಿ ತರಗತಿ ಬಿಟ್ಟು, ನನ್ನ ಹೆಜ್ಜೆಯ ಸದ್ದನ್ನೇ ಕೇಳುತ್ತ ಮನೆಗೆ ನಡೆಯುವುದು ನನಗೆ ತುಂಬ ಇಷ್ಟವಾಗಿತ್ತು.

ನಾನು ಬಾಡಿಗೆಗಿದ್ದದ್ದು ಮೂರನೆಯ ಮಹಡಿಯಲ್ಲಿ, ಗಂಡ ತೀರಿಕೊಂಡ ಒಬ್ಬ ಮುದುಕಿಯ ಜೊತೆ. ನಾನು ಆಕೆಯನ್ನು ಸೆನ್ಯೋರಾ ಅನ್ನುತ್ತಿದ್ದೆ, ಆಕೆ ನನ್ನನ್ನು ಇಹಾ, ಅಂದರೆ ಮಗಳೇ, ಅನ್ನುತ್ತಿದ್ದರು. ಆ ಮನೆಯ ಜೀವವೆಲ್ಲ ಒಂದು ದುಂಡು ಮೇಜಿನ ಸುತ್ತ ಇತ್ತು. ಮೇಜಿನ ಮೇಲಿನಿಂದ ನೆಲದ ತನಕ ದಪ್ಪ ಬಟ್ಟೆ ಇಳಿಬಿದ್ದಿರುತ್ತಿತ್ತು. ಅದರ ಕೆಳಗೆ ಕಂಚಿನ ಅಗಲ ತಟ್ಟೆಯಲ್ಲಿ ಬೂದಿ ಮುಚ್ಚಿದ ಇದ್ದಿಲಿನ ಕೆಂಡ. ಚಳಿಗಾಲದಲ್ಲಿ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಕಾಲನ್ನು ಒಳಗಿಟ್ಟು ಕೂರುವುದು. ಹೊಸ ಮನೆಗಳಲ್ಲಿ ಕೆಂಡದ ಬದಲು ಕರೆಂಟಿನದು ಬಂದಿತ್ತು. "ಕರೆಂಟು ಬಿಸಿ ಮಾಡುತ್ತದೆ ಇಹಾ, ಬೆಚ್ಚಗೆ ಮಾಡುವುದಿಲ್ಲ," ಎಂದು ಸೆನ್ಯೋರಾ ಕೆಂಡದ ಮೇಲೆ ಒಣಗಿದ ಲ್ಯಾವೆಂಡರ್ ಹೂವು ಉದುರಿಸುತ್ತಿದ್ದರು. ಮನೆಯೆಲ್ಲ ಆ ವಾಸನೆ. ಕಣ್ಣು ಮುಚ್ಚಿದರೆ ದೋಹಾದ ಅರಬರ ಅಂಗಡಿಗಳ ಧೂಪ.

ಮೇಜಿನ ಹಿಂದಿದ್ದ ಬಾಲ್ಕನಿಯ ಬಾಗಿಲು ಮಾತ್ರ ಶತ್ರು. ಹಳೆಯ ಮರ ಸೊಟ್ಟಗಾಗಿ ಎಷ್ಟು ಎಳೆದರೂ ಕೂಡುತ್ತಿರಲಿಲ್ಲ. ಪರದೆ ಎಳೆದಿದ್ದರೂ ಹಿಮದ ಬೆಟ್ಟದ ಗಾಳಿ ಒಳಗೆ ಬರುತ್ತಿತ್ತು. ಸೆನ್ಯೋರಾ ಪ್ರತಿ ಚಳಿಗಾಲ ಅದಕ್ಕೆ ಬೈಯುತ್ತಿದ್ದರಂತೆ, ಪ್ರತಿ ಬೇಸಿಗೆ ಮರೆಯುತ್ತಿದ್ದರಂತೆ.

ಅಪ್ಪನಿಗೆ ರಜೆ ಸಿಗದೆ ಅವ್ವ ಒಬ್ಬಳೇ ನನ್ನನ್ನು ನೋಡಲು ಬಂದಳು. ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಕೌದಿ ಹೊಲಿಯಲು ನಜ್ಮಾದ ದರ್ಜಿಗಳು ಕೊಟ್ಟ ಚಿಂದಿ ಬಟ್ಟೆ, ಮತ್ತೆ ಟೇಪು.

ಮೇಜನ್ನು ನೋಡಿದ್ದೇ ಸೊಂಟದ ಮೇಲೆ ಕೈಯಿಟ್ಟಳು. "ಏ, ಇದೇನಲೇ, ಟೇಬಲ್ಲಿಗೆ ಲಂಗಾ ಉಡಿಸ್ಯಾರಲ್ಲ!"

"ಅಮ್ಮ ಏನಂದರು?" ಸೆನ್ಯೋರಾ ಕೇಳಿದರು.

"ಮೇಜು ಚೆನ್ನಾಗಿದೆಯಂತೆ."

"ಸುಳ್ಳು ಹೇಳಬೇಡ. ಅಷ್ಟಕ್ಕೆ ಯಾರೂ ಹಾಗೆ ನಗುವುದಿಲ್ಲ."

ಸಂಜೆಯ ಹೊತ್ತಿಗೆ ಇಬ್ಬರಿಗೂ ನನ್ನ ಅನುವಾದ ಬೇಡವಾಗಿತ್ತು. ಅವ್ವ ಅವರನ್ನು ಆಯಿ ಎಂದು ಕರೆಯತೊಡಗಿದಳು. ಆಯಿ ಕಟಕ್ ರೊಟ್ಟಿಯನ್ನು ಮುರಿದು ಕಾಫಿಯಲ್ಲಿ ಅದ್ದಿ ತಿಂದರು. ಅವ್ವ ಕೌದಿಗೆ ತೇಪೆ ಹಚ್ಚುತ್ತ ಕನ್ನಡದಲ್ಲಿ ಊರ ಸುದ್ದಿ ಹೇಳುತ್ತಿದ್ದಳು. ಆಯಿ ಹೆಣಿಗೆ ಹಾಕುತ್ತ ಸ್ಪ್ಯಾನಿಷಿನಲ್ಲಿ ಗಂಡನನ್ನು ಬೈಯುತ್ತಿದ್ದರು. ಇಬ್ಬರೂ ಸರಿಯಾದ ಜಾಗದಲ್ಲೇ ತಲೆಯಾಡಿಸುತ್ತಿದ್ದರು.

"ಬಾಣಂತಿ ಕೋಣಿ ಆಗೇತಿ ನೋಡು," ಅವ್ವ ಕಾಲು ಕಾಯಿಸುತ್ತ ಹೇಳಿದಳು. "ನಿನ್ನ ಹಡದಾಗ ನಮ್ಮವ್ವ ಹಿಂಗs ಹೊರಸಿನ ಕೆಳಗ ಕೆಂಡದ ಶೆಗಡಿ ಇಟ್ಟಿದ್ಲು. ಕಿಟಕಿ, ಬಾಗಲಾ ಎಲ್ಲಾ ಬಂದ್. ಥಂಡಿ ಹತ್ರ ಸುಳೀತಿರಲಿಲ್ಲ. ಇಲ್ಲಿ ಈ ಬಾಗಲಾ ಒಂದು ನಿಮ್ಮಪ್ಪನಂಗ. ಎಷ್ಟ್ ಎಳದ್ರೂ ಕೂಡಂಗಿಲ್ಲ."

ಅಜ್ಜಿಯ ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ಕಿಟಕಿ ಮುಚ್ಚಿದರೂ ನೆತ್ತಿಯ ಮೇಲೆ ಬೆಳಕಿಂಡಿ ಸದಾ ತೆರೆದಿರುತ್ತಿತ್ತು. ಅದು ಆಗ ನನ್ನ ನೆನಪಿಗೂ ಬರಲಿಲ್ಲ, ಅವ್ವನ ನೆನಪಿಗೂ ಬರಲಿಲ್ಲ.

ಆ ದಿನ ಬೆಳಿಗ್ಗೆ ನಾನು ತರಗತಿಗೆ, ಆಯಿ ಚರ್ಚಿಗೆ ಹೋಗಿದ್ದೆವು. ಅವ್ವನಿಗೆ ಮನೆ ಸಿಕ್ಕಿತು. ಆಯಿಯನ್ನು ಖುಷಿಪಡಿಸಬೇಕೆಂದು ಪರದೆಯ ಹಿಂದೆ ಹೋಗಿ, ದೋಹಾದಲ್ಲಿ ಧೂಳಿಗೆ ಮಾಡಿದ್ದನ್ನೆಲ್ಲ ಅಲ್ಲಿ ಚಳಿಗೆ ಮಾಡಿದಳು. ಬಾಗಿಲಿನ ಸುತ್ತ ಟೇಪು, ಕೆಳಗಿನ ಸಂದಿಗೆ ಅರ್ಧ ಹೊಲಿದ ಕೌದಿ. ಮತ್ತೆ ಪರದೆ ಎಳೆದಳು.

ಮಧ್ಯಾಹ್ನ ನಾನು ಬಾಗಿಲು ತೆರೆದಾಗ ಮುಖಕ್ಕೆ ಬೆಚ್ಚನೆಯ ಗಾಳಿ ತಾಗಿತು. ಆ ಮನೆ ಅಷ್ಟು ಬೆಚ್ಚಗಿದ್ದದ್ದು ನಾನು ಕಂಡೇ ಇರಲಿಲ್ಲ. ಲ್ಯಾವೆಂಡರ್ ವಾಸನೆ. ಬಣ್ಣದ ಪರದೆಯಿಂದ ಸೋಸಿ ಬಂದ ಬಿಸಿಲು ಜೇನಿನಂತೆ ಮೇಜಿನ ಮೇಲೆ ಹರಡಿತ್ತು. ಎರಡು ಕುರ್ಚಿಗಳಲ್ಲಿ ಇಬ್ಬರು ಹೆಂಗಸರು, ಶಾಲೆಯಲ್ಲಿ ಟೀಚರು ಮಲಗಲು ಹೇಳಿದ ಮಕ್ಕಳ ಹಾಗೆ ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದರು. ಅವ್ವನ ಬಾಯಿ ತುಸು ತೆರೆದಿತ್ತು. ಆಯಿಯ ಬಿಳಿ ಕೂದಲು ಅವ್ವನ ಬಳೆಗಳಿಗೆ ತಾಗಿತ್ತು. ಊರೇ ಮಲಗುವ ಹೊತ್ತಲ್ಲವೇ? ಎಬ್ಬಿಸಬಾರದೆಂದು ನಾನು ಚಪ್ಪಲಿ ಕೈಯಲ್ಲಿ ಹಿಡಿದು ಬಂದು ಮೂರನೆಯ ಕುರ್ಚಿಯಲ್ಲಿ ಕೂತೆ. ಕಾಲನ್ನು ಬಟ್ಟೆಯ ಒಳಗಿಟ್ಟೆ. ಹಾಯೆನಿಸಿತು. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ತಲೆಯಲ್ಲಿ ಸಣ್ಣಗೆ ಡೋಲು ಬಡಿದಂತೆ ನೋವು ಶುರುವಾಗಿತ್ತು. ಅದೂ ಎಲ್ಲೋ ದೂರದ ಮೆರವಣಿಗೆಯದು ಅನ್ನಿಸುತ್ತಿತ್ತು.

ಆಗ ಸೂಜಿ ಕಂಡಿತು.

ಅವ್ವನ ಕೈಯಿಂದ ದಾರ ಇಳಿಬಿದ್ದು, ಅದರ ತುದಿಯಲ್ಲಿ ಸೂಜಿ ನೇತಾಡುತ್ತಿತ್ತು. ಅವ್ವ ಕಣ್ಣಿಗೆ ನಿದ್ದೆ ಹತ್ತುವ ಮೊದಲು ಸೂಜಿಯನ್ನು ದಾರದ ಉಂಡೆಗೆ ಚುಚ್ಚದೆ ಇರುವವಳಲ್ಲ. ಜ್ವರದಲ್ಲೂ ಚುಚ್ಚಿಡುತ್ತಿದ್ದಳು. "ಸೂಜಿ ಬಿಟ್ಟು ಮಲಗಿದಾಕಿ ಮಕ್ಕಳ ತಾಯಿ ಅಲ್ಲ" ಎಂದು ಪಕ್ಕದ ಮನೆಯವರನ್ನು ಹಂಗಿಸುತ್ತಿದ್ದಳು.

"ಅವ್ವಾ."

ಭುಜ ಅಲುಗಿಸಿದೆ. ತಲೆ ಅಲುಗಿತು, ಅವ್ವ ಅಲುಗಲಿಲ್ಲ. ಎದ್ದು ನಿಲ್ಲಲು ಹೋದರೆ ಕಾಲು ನನ್ನದಾಗಿರಲಿಲ್ಲ. ಬಂದ ಬಾಗಿಲು ಉದ್ದದ ಪಡಸಾಲೆಯ ಆಚೆ, ಬೇರೆ ಊರಿನಷ್ಟು ದೂರ. ಹಿಂದಿನ ಪರದೆ ಕೈಗೆ ಸಿಗುವಷ್ಟು ಹತ್ತಿರ. ಪರದೆ ಸರಿಸಿದೆ. ಬಾಗಿಲ ಸುತ್ತ ಕಂದು ಟೇಪು ಮಿರಿಮಿರಿ ಮಿನುಗುತ್ತಿತ್ತು.

ನಾನು ಈಗಲೂ ಅಲ್ಲೇ ನಿಂತಿರುತ್ತೇನೆ. ಬೆರಳ ಉಗುರಿನಿಂದ ಟೇಪಿನ ಅಂಚು ಹುಡುಕುತ್ತೇನೆ. ಅಂಟಿದ ಟೇಪಿನ ತುದಿ ಸಿಗದ ಕಷ್ಟ ಎಲ್ಲರಿಗೂ ಗೊತ್ತು. ಕಾರ್ಟನ್ ಬಿಚ್ಚುವಾಗ ನಕ್ಕುಬಿಡುವಂಥ ಕಷ್ಟ. ಬಾಗಿಲು ದೂಡಿದರೆ ತೆರೆಯುತ್ತಿಲ್ಲ. ಕಣ್ಣ ಮುಂದೆ ಕಂದು ಬಣ್ಣ ಹರಡುತ್ತಿದೆ, ಧೂಳಿನ ದಿನದಂತೆ. ಹಿಂದೆ ಇಬ್ಬರು ಮಲಗಿದ್ದಾರೆ. ಇಷ್ಟರಲ್ಲಿ, ಯಾರೋ ಕೈ ಹಿಡಿದು ಇಳಿಸಿದಂತೆ, ನನ್ನ ಕೈ ಬಲಗಡೆಯ ಕೆಳಮೂಲೆಗೆ ಹೋಯಿತು.

ಬಾಲ ಅಲ್ಲಿತ್ತು. ಬೆರಳಗಲ, ಒಳಮಡಿಚಿದ್ದು. ಪರದೇಶದಲ್ಲಿ, ಎಂದಾದರೂ ಬಿಡಿಸಬೇಕಾಗುತ್ತದೋ ಇಲ್ಲವೋ ತಿಳಿಯದ ಬಾಗಿಲಿಗೂ ಅವ್ವ ಬಾಲ ಬಿಟ್ಟಿದ್ದಳು.

ಎಳೆದೆ. ಪರ್ರ್ ಎಂದಿತು. ಕೌದಿಯ ಮೇಲೆ ಬಿದ್ದು, ಅದನ್ನು ಕಿತ್ತು, ಬಾಗಿಲು ತೆರೆದೆ. ಹಿಮದ ಗಾಳಿ ಪರದೆಯನ್ನು ಹೊತ್ತುಕೊಂಡು ಒಳಗೆ ನುಗ್ಗಿತು. ನಾನು ಬಾಲ್ಕನಿಯ ಕಂಬಿ ಹಿಡಿದು ಕೂಗಿದೆ. ಸ್ಪ್ಯಾನಿಷ್ ಒಂದು ಪದವೂ ಬರಲಿಲ್ಲ. "ಯಾರರ ಬರ್ರಿ! ನಮ್ಮವ್ವ ಏಳವೊಲ್ಲಳು!" ಎಂದು ಕನ್ನಡದಲ್ಲೇ ಕೂಗಿದೆ. ಮಲಗಿದ್ದ ಬೀದಿಯಲ್ಲಿ ಒಂದೊಂದೇ ಕಿಟಕಿ ತೆರೆಯಿತು. ಕೆಳಗಿನ ಮನೆಯವರು ಓಡಿ ಬಂದು ಇಬ್ಬರನ್ನೂ ಕುರ್ಚಿ ಸಮೇತ ಬಾಲ್ಕನಿಗೆ ಎಳೆದರು. ಅವ್ವ ಮೊದಲು ವಾಂತಿ ಮಾಡಿಕೊಂಡಳು. ಅಷ್ಟು ಸಂತೋಷ ಕೊಟ್ಟ ವಾಂತಿಯನ್ನು ನಾನು ಬೇರೆ ಕಂಡಿಲ್ಲ.

ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹುಟ್ಟುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಮೊದಲು ನಿದ್ದೆ ಕೊಡುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಇಷ್ಟು ವರ್ಷ ಆಯಿಯನ್ನು ಕಾಪಾಡಿದ್ದು ಅವರು ಬೈಯುತ್ತಿದ್ದ ಆ ಸೊಟ್ಟ ಬಾಗಿಲೇ. ಇಬ್ಬರಿಗೂ ಆಮ್ಲಜನಕದ ಮುಸುಕು ಹಾಕಿ ಅಕ್ಕಪಕ್ಕ ಮಲಗಿಸಿದ್ದರು. ಮುಸುಕು ತೆಗೆದಾಗ ಆಯಿ ಅವ್ವನ ಕಡೆ ಕೈ ಚಾಚಿ, "ಎಷ್ಟು ಬೆಚ್ಚಗಿತ್ತು, ಅಲ್ಲವೇ?" ಅಂದರು. ಅವ್ವ ಸರಿಯಾದ ಜಾಗದಲ್ಲೇ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಂಥಾ ಚಂದ ನಿದ್ದಿ ಹತ್ತಿತ್ತು ಅಂತೀ. ನಮ್ಮವ್ವ ಬಂದು ತಲಿ ಸವರಾಕ ಹತ್ತಿದ್ಲು," ಅಂದಳು. ನನ್ನನ್ನು ಇವತ್ತಿಗೂ ನಡುಗಿಸುವುದು ಆ ಮಾತು. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿತ್ತು.

ಸ್ವಲ್ಪ ಹೊತ್ತಿನ ನಂತರ ಅವ್ವ ನನ್ನ ಕೈ ಹಿಡಿದಳು. "ನಿಮ್ಮಪ್ಪಗ ಹೇಳಬ್ಯಾಡ. ದಿನಾ ಗ್ಯಾಸಿನ ಮ್ಯಾಲ ಪಾಠಾ ಕೇಳಿ ಡ್ಯೂಟಿಗೆ ಹೋಗೋರು. ಜೀವ ಇರೂತನಕ ನನ್ನ ಆಡ್ಕೊಂಡು ನಗ್ತಾರ." ಅವಳ ಕೈ ತಣ್ಣಗಿತ್ತು. ನಗುತ್ತಲೇ ಹೇಳಿದ್ದಳು, ಬಿಡದೆ ಹಿಡಿದಿದ್ದಳು.

ಕೋರ್ಸು ಮುಗಿಸಿ ನಾನು ದೋಹಾಕ್ಕೆ ಬಂದ ಬೇಸಿಗೆಯಲ್ಲಿ ಒಂದು ದಿನ ಎದುರಿನ ಗೋಡೆ ಅರಿಸಿನದ ಬಣ್ಣಕ್ಕೆ ತಿರುಗಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನನ್ನೇ ನೋಡುತ್ತಿದ್ದೆ. ಇಲ್ಲಿ ಕೆಂಡವಿಲ್ಲ, ಟೇಪು ಹಚ್ಚಿದರೆ ಏನೂ ಆಗುವುದಿಲ್ಲ ಎಂದು ಗೊತ್ತು. ಆದರೂ ಬೆರಳುಗಳು ತಾವಾಗಿಯೇ ಏನನ್ನೋ ಹುಡುಕುತ್ತಿದ್ದವು. ಅವ್ವ ಕಪಾಟಿನಿಂದ ಟೇಪು ತೆಗೆದಳು. ನನ್ನನ್ನು ನೋಡಿದಳು. ಟೇಪನ್ನು ಮತ್ತೆ ಕಪಾಟಿನೊಳಗಿಟ್ಟು, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.

ಧೂಳು ನಿಧಾನವಾಗಿ ಒಳಗೆ ಬಂತು. ಟಿವಿಯ ಮೇಲೆ, ದೇವರ ಫೋಟೋದ ಮೇಲೆ, ಸೋಫಾದ ಮೇಲಿನ ಕೌದಿಯ ಮೇಲೆ ಗೋಧಿ ಹಿಟ್ಟಿನಂತೆ ಕೂತಿತು. ನಾವಿಬ್ಬರೂ ಆ ಮಂಕು ಬೆಳಕಿನಲ್ಲಿ ಕೆಮ್ಮುತ್ತ ಚಹಾ ಕುಡಿದೆವು. ಪ್ರತಿ ಗುಟುಕಿಗೂ ಹಲ್ಲಿನ ನಡುವೆ ಮರಳು ಕರಕರ ಅನ್ನುತ್ತಿತ್ತು.

ಪಾಳಿ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತ. ನೆಲದ ಮೇಲೆ ಅವನ ಬೂಟಿನ ಗುರುತು ಮೂಡಿತ್ತು. "ಏನಿದು, ಮರುಭೂಮಿನs ಮನಿಗೆ ತಂದೀರಲ್ಲ! ಟೇಪ್ ಮಾಫಿ? ಖಾಲಿ ಆತೇನು?"

"ಐತಿ," ಅಂದಳು ಅವ್ವ.

"ಮತ್ತ?"

"ಇರ್ಲಿ ಬಿಡ್ರಿ. ಮಣ್ಣ ಐತಿ, ಒರೆಸಿದ್ರ ಹೋಗ್ತೈತಿ."

ಅಪ್ಪ ನನ್ನ ಮುಖ ನೋಡಿದ. ನಾನು ಬಾಲ್ಕನಿಯ ಬಾಗಿಲ ಸಂದಿಯಿಂದ ಬರುತ್ತಿದ್ದ ಗಾಳಿಯ ಸದ್ದು ಕೇಳುತ್ತಿದ್ದೆ. ಅವ್ವ ಎದ್ದು ಒರೆಸುವ ಬಟ್ಟೆ ತಂದಳು.