ಮೂರನೇ ಗೇಜಿನ ಅರ್ಧ ಕೆಜಿ

೧೯೮೪ರಲ್ಲಿ, ಏಳನೇ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಬಿಡಿಸಿದವರು ಯಾರೂ ಇಲ್ಲ. ಓದು ಹತ್ತಲಿಲ್ಲ, ದುಡಿಮೆ ಹತ್ತಿತು. ಸಾಂಬ್ರಾಣಿಯಿಂದ ದಾಂಡೇಲಿಗೆ ಬಂದು ಒಂದು ಸಣ್ಣ ಕಾಗದದ ಕಾರ್ಖಾನೆಯಲ್ಲಿ ಮೊದಲು ಬಿದಿರು ಹೊತ್ತೆ, ಆಮೇಲೆ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಕಡೆಗೆ ಹಸಿ ಕಾಗದ ಒಣಗಿಸುವ ಉರುಳೆಗಳ ಮುಂದೆ ಹದಿನೈದು ವರ್ಷ ನಿಂತೆ. ಬಲ ಮೊಣಕೈ ಎರಡು ಸಲ ಸುಟ್ಟಿದೆ.

ಎರಡು ಸಾವಿರದ ಆರರ ಸುಮಾರಿಗೆ ಆಪರೇಟರ್ ಕುರ್ಚಿ ಖಾಲಿಯಾಯಿತು. ಅದು ನನ್ನದೇ ಎಂದುಕೊಂಡಿದ್ದೆ. ಅಷ್ಟರಲ್ಲಿ ಸಾಹೇಬರು ತರಬೇತಿಗೆಂದು ಒಂದು ಕಂಪ್ಯೂಟರ್ ತರಿಸಿದರು. ಪರದೆಯ ಮೇಲೆ ನಮ್ಮಂಥದೇ ಯಂತ್ರ, ವಾಲ್ವು, ಗೇಜು. ಮೌಸ್ ಒತ್ತಿದರೆ ಸ್ಟೀಮ್ ಏರುತ್ತಿತ್ತು. ತಪ್ಪಿದರೆ ಕಾಗದ ಹರಿದುಹೋಗುತ್ತಿತ್ತು, ಆದರೆ ಯಾರ ಕೈಯೂ ಸುಡುತ್ತಿರಲಿಲ್ಲ. ಅದರಲ್ಲಿ ಪಾಸಾದವನಿಗೆ ಕುರ್ಚಿ.

ಪರೀಕ್ಷೆಗೆ ಕೂತವರು ಇಬ್ಬರು: ನಾನು ಮತ್ತು ನನ್ನ ಹೆಂಡತಿಯ ತಮ್ಮ. ಐಟಿಐ ಮುಗಿಸಿ ಪ್ಯಾಕಿಂಗ್ ವಿಭಾಗದಲ್ಲಿದ್ದ. ಅವನನ್ನು ಗೇಟಿನೊಳಗೆ ಕರೆತಂದವನೇ ನಾನು.

ನಮ್ಮ ಯಂತ್ರದ ಮೂರನೇ ಗೇಜು ಸ್ಟೀಮಿನ ಒತ್ತಡವನ್ನು ಅರ್ಧ ಕೆಜಿ ಕಡಿಮೆ ತೋರಿಸುತ್ತಿತ್ತು. ಸ್ಟೀಮ್ ಮೂರು ಬೇಕಾದರೆ ಮುಳ್ಳನ್ನು ಎರಡೂವರೆಗೆ ನಿಲ್ಲಿಸಬೇಕು. ಹಳಬರು ಹೇಳಿಕೊಟ್ಟದ್ದು, ಎಲ್ಲೂ ಬರೆದಿರಲಿಲ್ಲ. ಪರದೆಯ ಗೇಜು ಸರಿಯಾಗೇ ಇತ್ತು, ಆದರೆ ನನ್ನ ಕೈ ಅಲ್ಲಿಯೂ ಎರಡೂವರೆಗೇ ನಿಂತಿತು. ಕಾಗದ ಹಸಿಯಾಗಿ ಹರಿಯಿತು. ಹರಿದಾಗೆಲ್ಲ ಬೆದರಿ ಮುಳ್ಳನ್ನು ಮತ್ತೆ ಅಲ್ಲಿಗೇ ತಂದೆ. ನಾಲ್ಕು ಸಲ.

‘ಮಾಮಾ, ಮೂರಕ್ಕ ಇಡ್ರಿ ಅಂತ ಅದರಾಗ ಬರದೈತಲ್ರಿ,’ ಎಂದ ಅವನು ಹಿಂದಿನಿಂದ.

‘ನೀ ಸುಮ್ನಿರಪಾ. ಬರದದ್ದೆಲ್ಲಾ ಖರೆ ಆಗಿದ್ರ ಮಿಷನ್ ಓಡಸಾಕ ಸಾಲಿ ಮಾಸ್ತರ್ರ ಸಾಕಾಗಿತ್ತು.’

ಕುರ್ಚಿ ಅವನಿಗೆ ಹೋಯಿತು. ಹೆಂಡತಿ ಹೋಳಿಗೆ ಮಾಡಿದಳು. ‘ನನ್ನ ತಮ್ಮ ಕುಂತರ ನೀವ ಕುಂತಂಗ ಅಲ್ಲೇನ್ರಿ?’ ನಾನು ತಟ್ಟೆ ಸರಿಸಿ ಎದ್ದೆ.

ಮೊದಲ ದಿನ ಅವನು ನಿಜವಾದ ಯಂತ್ರದ ಮುಳ್ಳನ್ನು ಮೂರಕ್ಕೆ ಇಟ್ಟ. ಆ ಪಾಳಿಯಲ್ಲಿ ಗೇಜಿನ ಗುಟ್ಟು ಗೊತ್ತಿದ್ದವನು ನಾನೊಬ್ಬನೇ. ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಕಾಗದ ಹಪ್ಪಳದಂತೆ ಒಣಗಿ ಹರಿಯಿತು. ಹರಿದ ತುದಿಯನ್ನು ಉರುಳೆಗಳ ಮೇಲೆ ದಾಟಿಸಿದರೆ ಮತ್ತೆ ಹರಿಯಿತು. ಊಟದ ಹೊತ್ತಿನವರೆಗೂ ಅದೇ ಹಾಡು. ಅವನ ಅಂಗಿ ಬೆವರಿಗೆ ತೊಯ್ದದ್ದು ನೋಡಿ ನನಗೆ ಸುಖವಾಯಿತು, ಸುಳ್ಳು ಯಾಕೆ ಹೇಳಲಿ.

ಕಡೆಗೆ ಅವನೇ ಹತ್ತಿರ ಬಂದ. ‘ಗೇಜ್ ಸುಳ್ಳ ತೋರ್ಸಾಕತ್ತೈತೇನ್ರಿ ಮಾಮಾ?’

‘ಹೂಂ. ಅರ್ಧಾ ಕೆಜಿ.’

‘ನಿಮಗ ಮೊದ್ಲ ಗೊತ್ತಿತ್ತು.’

‘ನಿನ್ನ ಕಂಪ್ಯೂಟರ್‌ನ ಕೇಳಬೇಕಿತ್ತು.’

ಅವನು ಬೈಯಲಿಲ್ಲ. ಗೇಜು ಕೆಟ್ಟಿದೆ ಎಂದು ಸಾಹೇಬರಿಗೆ ಬರೆದುಕೊಟ್ಟ. ನನ್ನ ಹೆಸರು ಎತ್ತಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿತು. ಮರುವಾರ ಹೊಸ ಗೇಜು ಬಂತು. ಅವನಿಗೆ ಇಲ್ಲದೆ ನನಗೆ ಮಾತ್ರ ಇದ್ದ ವಿದ್ಯೆ ಅಲ್ಲಿಗೆ ಮುಗಿಯಿತು.

ಈಗ ನನಗೆ ಎರಡು ಕೋಣೆಯ ಮನೆ ಇದೆ, ಒಂದು ಎಮ್ಮೆ, ಒಂದು ಸೈಕಲ್, ಇಬ್ಬರು ಹೆಣ್ಣುಮಕ್ಕಳು, ನಿಂತು ಮಾಡುವ ಅದೇ ಕೆಲಸ. ಹಬ್ಬಕ್ಕೆ ಬಂದರೂ ಯಂತ್ರದ ಮಾತು ತೆಗೆಯದ ಒಬ್ಬ ಮೈದುನ.